ಕಂಕುಳಲ್ಲಿ ಗಂಟು, ಜೊತೆಗೆ ಜ್ವರ: ಕೈ ಎತ್ತಿಸಿ ನೋಡಿದ್ರಾ?

ಪ್ರಶ್ನೆ (ಸದಸ್ಯೆ, ಬೆಂಗಳೂರು):
ಮೇಡಂ, ನಮಸ್ತೆ. ನಮ್ಮ ಅಮ್ಮನ ವಿಷಯ. ವಯಸ್ಸು 54. ಚನ್ನಗಿರಿ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಜೊತೆ ಇದ್ದಾರೆ. ಸ್ವಲ್ಪ ಅಡಿಕೆ ತೋಟ, ಎರಡು ಹಸು. ಆರು ದಿನದಿಂದ ಜ್ವರ. ಮೊದಲ ದಿನ ಚಳಿ ಬಂದು ಗಡಗಡ ನಡುಗಿದರಂತೆ. ತಲೆನೋವು ಜಾಸ್ತಿ, ಮೈಕೈ ನೋವು, ಕಣ್ಣು ಕೆಂಪಗಾಗಿದೆ. ಪ್ಯಾರಾಸಿಟಮಾಲ್ ನುಂಗಿದರೆ ಮೂರು ಗಂಟೆ ಇಳಿಯುತ್ತದೆ, ಮತ್ತೆ 102, 103. ನಿನ್ನೆ ಸ್ನಾನ ಮಾಡುವಾಗ ಎಡಗಡೆ ಕಂಕುಳಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಕೈಗೆ ಸಿಕ್ಕಿದೆ. ಒತ್ತಿದರೆ ನೋವು. ಡೆಂಗಿ ಟೆಸ್ಟ್ ನೆಗೆಟಿವ್ ಬಂತು. ವಿಡಾಲ್ ಟೆಸ್ಟ್‌ನಲ್ಲಿ ಸ್ವಲ್ಪ ಪಾಸಿಟಿವ್ ಅಂತ ಟೈಫಾಯಿಡ್‌ಗೆ ಸೆಫಿಕ್ಸಿಮ್ ಮಾತ್ರೆ ಕೊಟ್ಟಿದ್ದಾರೆ. ಮೂರು ದಿನ ಆಯ್ತು, ಏನೂ ಇಳಿದಿಲ್ಲ.

ಪಕ್ಕದ ಮನೆ ಅಜ್ಜಿ ಬಂದು, ಪ್ಲೇಗು ಬಂದಾಗ ಹೀಗೇ ಕಂಕುಳಲ್ಲಿ ಗಡ್ಡೆ ಏಳುತ್ತಿತ್ತು ಅಂದುಬಿಟ್ಟಿದ್ದಾರೆ. ಅಮ್ಮ ಅಂದಿನಿಂದ ಊಟ ಬಿಟ್ಟಿದ್ದಾರೆ. ನಾನು ಮೊಬೈಲಿನಲ್ಲಿ ಹುಡುಕಿ, ಕ್ಯಾನ್ಸರ್ ಅಂತ ಓದಿ, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಏನಿರಬಹುದು ಮೇಡಂ?

ಡಾಕ್ಟರ್:
ಇದು ನಾಳೆ ನಾಡಿದ್ದು ಅಂತ ಮುಂದೆ ಹಾಕುವ ಜ್ವರ ಅಲ್ಲ. ಹಾಗಂತ ಹೆದರಿ ಕೂರುವಂಥದ್ದೂ ಅಲ್ಲ.

ಕ್ಯಾನ್ಸರ್ ಭಯವನ್ನು ಮೊದಲು ಪಕ್ಕಕ್ಕಿಡಿ. ಹೆಂಗಸರ ಕಂಕುಳಲ್ಲಿ ಗಂಟು ಅಂದ ಕೂಡಲೇ ಸ್ತನದ ಕ್ಯಾನ್ಸರ್ ನೆನಪಾಗುವುದು ಸಹಜ. ಆದರೆ ಅದು ಸಾಮಾನ್ಯವಾಗಿ ಸದ್ದಿಲ್ಲದೆ ಬರುತ್ತದೆ. ಗಂಟು ಗಟ್ಟಿಯಾಗಿರುತ್ತದೆ, ನೋವಿರುವುದಿಲ್ಲ, ಜ್ವರ ಇರುವುದಿಲ್ಲ, ವಾರದಿಂದ ವಾರಕ್ಕೆ ನಿಧಾನವಾಗಿ ಬೆಳೆಯುತ್ತದೆ. ಆರು ದಿನದ ಚಳಿಜ್ವರದ ನಡುವೆ ದಿಢೀರನೆ ಎದ್ದ, ಮುಟ್ಟಿದರೆ ನೋಯುವ ಗಂಟು ಅಂದರೆ ನಾವು ಮೊದಲು ಯೋಚಿಸುವುದು ಸೋಂಕನ್ನೇ.

ನಿಮ್ಮ ಮನೆಯಲ್ಲಿ ಅಡಿಕೆ ತೋಟ ಇದೆ, ಆದ್ದರಿಂದ ಹೀಗೆ ಹೇಳುತ್ತೇನೆ. ತೋಟದ ನೀರು ಬಸಿದು ಹೋಗಲು ಬಸಿಗಾಲುವೆ ಇರುತ್ತದೆ ಅಲ್ವಾ? ಮೈಯಲ್ಲೂ ಹಾಗೇ ಸಣ್ಣ ಸಣ್ಣ ಕಾಲುವೆಗಳಿವೆ. ಆ ಕಾಲುವೆಗಳ ದಾರಿಯಲ್ಲಿ ಜರಡಿಯ ಹಾಗೆ ಕೂತಿರುವುದು ದುಗ್ಧಗ್ರಂಥಿಗಳು. ಒಂದೊಂದು ಕಂಕುಳಲ್ಲಿ ಸುಮಾರು 20ರಿಂದ 30 ಇರುತ್ತವೆ. ಬೆರಳ ತುದಿಯಿಂದ ಹೆಗಲವರೆಗೆ, ಸ್ತನ, ಎದೆ, ಬೆನ್ನಿನ ಮೇಲ್ಭಾಗ, ಹೊಕ್ಕುಳಿನಿಂದ ಮೇಲಿನ ಚರ್ಮ, ಇಷ್ಟೂ ಜಾಗದ ನೀರು ಆ ಬದಿಯ ಕಂಕುಳಿಗೇ ಬರುತ್ತದೆ. ಆ ಜಾಗದಲ್ಲಿ ಎಲ್ಲಾದರೂ ರೋಗಾಣು ಹೊಕ್ಕಿದರೆ ಜರಡಿ ಅದನ್ನು ಹಿಡಿಯುತ್ತದೆ, ಹೋರಾಡುತ್ತದೆ, ಊದಿಕೊಳ್ಳುತ್ತದೆ. ಹೀಗಾಗಿ ಗಂಟನ್ನು ಮಾತ್ರ ನೋಡುತ್ತಾ ಕೂತರೆ ಪ್ರಯೋಜನ ಇಲ್ಲ. ಕೊಳೆ ನೀರು ಯಾವ ಮಡಿಯಿಂದ ಬಂತು ಅಂತ ಹುಡುಕಬೇಕು.

ಆದ್ದರಿಂದ ಈಗಲೇ ಊರಿಗೆ ಫೋನ್ ಮಾಡಿ. ಯಾರಾದರೂ ಹೆಂಗಸರು ಬಾಗಿಲು ಹಾಕಿಕೊಂಡು, ಮೊಬೈಲ್ ಟಾರ್ಚ್ ಹಿಡಿದು, ಅಮ್ಮನ ಎಡಗೈ ಎತ್ತಿಸಿ ನೋಡಲಿ. ಬೆರಳಿಗೆ ಕತ್ತಿ ತಾಗಿದೆಯಾ, ಮುಳ್ಳು ಚುಚ್ಚಿದೆಯಾ, ಉಗುರುಸುತ್ತು ಆಗಿದೆಯಾ? ಗಾಯದಿಂದ ಕಂಕುಳಿನ ಕಡೆಗೆ ಕೆಂಪು ಗೆರೆ ಹೋಗಿದೆಯಾ? ಎದೆಯಲ್ಲಿ ಗಟ್ಟಿ ಜಾಗ, ಕೆಂಪು, ಬಿಸಿ ಇದೆಯಾ? ಒಂದೇ ಬದಿಗೆ ಪಟ್ಟಿಯ ಹಾಗೆ ನೀರುಗುಳ್ಳೆ, ಅಂದರೆ ಸರ್ಪಸುತ್ತು ಎದ್ದಿದೆಯಾ? ಎಲ್ಲಕ್ಕಿಂತ ಮುಖ್ಯವಾಗಿ ಕಂಕುಳ ಮಡಿಕೆ, ಸ್ತನದ ಕೆಳಗೆ, ರವಿಕೆ ಬಿಗಿಯುವ ಜಾಗ, ಲಂಗದ ಲಾಡಿ ಕಟ್ಟುವ ಜಾಗ, ತೊಡೆಸಂದಿ, ಹೊಕ್ಕುಳಿನ ಒಳಗೆ ಒಂದು ಕಪ್ಪು ಹಕ್ಕಳೆ ಇದೆಯಾ ನೋಡಬೇಕು. ನೋವು, ತುರಿಕೆ ಇರುವುದಿಲ್ಲ. ಅಮ್ಮನಿಗೇ ಗೊತ್ತಿರುವುದಿಲ್ಲ.

ಅಪ್ಪನಿಗೆ ಹೇಳಲು ಸಂಕೋಚವಾದರೆ ಆ ಪಕ್ಕದ ಮನೆ ಅಜ್ಜಿಗೇ ಹೇಳಿ. ಗಂಟಿನ ಬಗ್ಗೆ ಅಷ್ಟು ತಿಳಿದವರು ನಿಧಾನವಾಗಿ ನೋಡುತ್ತಾರೆ.

ಇನ್ನೊಂದು ಪ್ರಶ್ನೆ. ಜ್ವರ ಶುರುವಾಗುವುದಕ್ಕೆ ಹತ್ತು, ಹದಿನೈದು ದಿನ ಮುಂಚೆ ಅಮ್ಮ ಹುಲ್ಲು ಕೊಯ್ಯಲು, ಕಳೆ ತೆಗೆಯಲು, ಸೌದೆ ತರಲು ಹೋಗಿದ್ದರಾ?

ಉಸಿರಾಡಲು ಕಷ್ಟ, ಮಾತು ತಪ್ಪುವುದು, ಮಂಪರು, ಫಿಟ್ಸ್, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ನನ್ನ ಉತ್ತರಕ್ಕೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಸೇರಿಸಿ.

ಪ್ರಶ್ನೆ (ಅದೇ ಸದಸ್ಯೆ, ಅದೇ ದಿನ ಸಂಜೆ):
ಮೇಡಂ, ಸಿಕ್ಕಿತು! ಅಜ್ಜಿಯೇ ಕನ್ನಡಕ ಹಾಕಿಕೊಂಡು ನೋಡಿದರಂತೆ. ಎಡ ಸ್ತನದ ಕೆಳಗೆ, ರವಿಕೆ ಅಂಚು ಕೂರುವ ಕಡೆ, ಬೀಡಿ ತುದಿಯಿಂದ ಸುಟ್ಟ ಹಾಗೆ ದುಂಡಗಿನ ಕಪ್ಪು ಹಕ್ಕಳೆ. ಸುತ್ತಲೂ ತೆಳ್ಳಗೆ ಕೆಂಪು. ಮುಟ್ಟಿದರೂ ನೋವಿಲ್ಲ. ಅಮ್ಮ ಅದನ್ನು ನೋಡಿಯೇ ಇರಲಿಲ್ಲ. ಎರಡು ವಾರದ ಹಿಂದೆ ಮಳೆ ಬಿಟ್ಟಾಗ ಬದುವಿನ ಮೇಲಿನ ಹುಲ್ಲು ಕೊಯ್ದು, ಹೊರೆ ಕಟ್ಟಿ, ಎದೆಗೊತ್ತಿ ಎತ್ತಿಕೊಂಡು ಬಂದಿದ್ದರಂತೆ. ಏನಿದು?

ಡಾಕ್ಟರ್:
ಅಜ್ಜಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ.

ನೀವು ಹೇಳಿದ್ದನ್ನೆಲ್ಲ ಸೇರಿಸಿ ನೋಡಿದರೆ ಇದು ಸ್ಕ್ರಬ್ ಟೈಫಸ್ ಇರುವ ಸಾಧ್ಯತೆ ತುಂಬಾ ಜಾಸ್ತಿ. ಹೆಸರು ಟೈಫಾಯಿಡ್ ಥರ ಕೇಳಿಸಿದರೂ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪೊದೆ, ಬದುವಿನ ಹುಲ್ಲು, ತೋಟದಂಚಿನ ಕುರುಚಲು, ಇಲಿ ಓಡಾಡುವ ಜಾಗಗಳಲ್ಲಿ ಒಂದು ಬಗೆಯ ನುಸಿ ಇರುತ್ತದೆ. ಅದರ ಮರಿ ಕಣ್ಣಿಗೆ ಕಾಣಿಸುವುದೇ ಕಷ್ಟ, ಅಷ್ಟು ಸಣ್ಣದು. ಅದು ಮೈಗೆ ಹತ್ತಿ, ಬಟ್ಟೆ ಬಿಗಿಯುವ ಮೆತ್ತನೆಯ ಜಾಗ ಹುಡುಕಿ ಕಚ್ಚುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಅದರ ಎಂಜಲಿನಲ್ಲಿರುವ ರೋಗಾಣು ಒಳಗೆ ಹೋಗುತ್ತದೆ. 6ರಿಂದ 21 ದಿನದೊಳಗೆ, ಹೆಚ್ಚಾಗಿ ಹತ್ತು ಹನ್ನೆರಡು ದಿನಕ್ಕೆ ಜ್ವರ ಶುರುವಾಗುತ್ತದೆ. ಕಚ್ಚಿದ ಜಾಗದ ಚರ್ಮ ಸತ್ತು ಆ ಕಪ್ಪು ಹಕ್ಕಳೆ ಆಗುತ್ತದೆ. ಆ ಜಾಗದ ನೀರು ಬಸಿಯುವುದು ಎಡ ಕಂಕುಳಿಗೆ. ಗಂಟು ಅಲ್ಲೇ ಎದ್ದಿದೆ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ನಮ್ಮ ಕಡೆ ಇಂಥ ಜ್ವರಗಳು ಬರುತ್ತಲೇ ಇರುತ್ತವೆ.

ಈಗ ತಡ ಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲ ಮಾತಿಗೇ "ಎದೆಯ ಕೆಳಗೆ ಕಪ್ಪು ಹಕ್ಕಳೆ ಇದೆ, ಹುಲ್ಲು ಕೊಯ್ದಿದ್ದರು" ಅಂತ ಹೇಳಿ. ಅಮ್ಮ ತಾವಾಗಿ ಹೇಳುವುದಿಲ್ಲ, ಜೊತೆಗೆ ಹೋದವರು ಹೇಳಬೇಕು. ರಕ್ತದಲ್ಲಿ ಸ್ಕ್ರಬ್ ಟೈಫಸ್ ಐಜಿಎಂ ಎಲೈಸಾ ಪರೀಕ್ಷೆ ಮಾಡುತ್ತಾರೆ. ಪ್ಲೇಟ್‌ಲೆಟ್, ಲಿವರ್, ಕಿಡ್ನಿ ನೋಡುತ್ತಾರೆ. ಹಕ್ಕಳೆ ಇಷ್ಟು ಸ್ಪಷ್ಟವಾಗಿದ್ದರೆ ಎಲೈಸಾ ವರದಿಗೆ ಕಾಯದೆ ಔಷಧಿ ಶುರು ಮಾಡುವುದೇ ಸರಿ. ಮೊದಲ ವಾರದಲ್ಲಿ ಆ ಟೆಸ್ಟ್ ನೆಗೆಟಿವ್ ಬರಬಹುದು ಕೂಡ.

ಔಷಧಿ ಡಾಕ್ಸಿಸೈಕ್ಲಿನ್. ಹಳೆಯದು, ಅಗ್ಗದ್ದು. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ಕೊಡುತ್ತೇವೆ. ಅಮ್ಮನಿಗೆ ಈಗ ಕೊಡುತ್ತಿರುವ ಸೆಫಿಕ್ಸಿಮ್ ಈ ರೋಗಾಣುವನ್ನು ಕೊಲ್ಲುವುದಿಲ್ಲ. ಮೂರು ದಿನವಾದರೂ ಜ್ವರ ಜಗ್ಗದಿರಲು ಅದೇ ಕಾರಣ ಇರಬಹುದು. ವಿಡಾಲ್ ಟೆಸ್ಟ್ ವಿಷಯ ನನಗೆ ಬಹಳ ಬೇಸರ ತರುವ ವಿಷಯ. ನಮ್ಮ ದೇಶದಲ್ಲಿ ಬೇರೆ ಜ್ವರ ಬಂದವರಿಗೂ, ಹಿಂದೆ ಯಾವಾಗಲೋ ಟೈಫಾಯಿಡ್ ಆದವರಿಗೂ ಅದು ಸ್ವಲ್ಪ ಪಾಸಿಟಿವ್ ಬರುತ್ತದೆ. ಅದೊಂದು ಚೀಟಿ ನಂಬಿಕೊಂಡು ಎಷ್ಟೋ ಜನ ವಾರಗಟ್ಟಲೆ ತಪ್ಪು ಮಾತ್ರೆ ನುಂಗುತ್ತಾರೆ.

ಇದನ್ನು ಓದಿ ಯಾರೂ ಮೆಡಿಕಲ್ ಸ್ಟೋರ್‌ಗೆ ಹೋಗಿ ಡಾಕ್ಸಿಸೈಕ್ಲಿನ್ ಕೇಳಬೇಡಿ. ಎಷ್ಟು ಡೋಸ್, ಎಷ್ಟು ದಿನ, ಒಳಗೆ ದಾಖಲಾಗಬೇಕಾ ಬೇಡವಾ ಅನ್ನುವುದು ರೋಗಿಯನ್ನು ಕಣ್ಣಾರೆ ನೋಡಿದವರು ಹೇಳಬೇಕು. ಆರು ದಿನ ಕಳೆದಿದೆ. ಎರಡನೇ ವಾರಕ್ಕೆ ಬಿಟ್ಟರೆ ಶ್ವಾಸಕೋಶ, ಕಿಡ್ನಿ, ಮೆದುಳಿಗೆ ತೊಂದರೆ ಆಗಬಹುದು, ಜೀವಕ್ಕೂ ಅಪಾಯ. ಬೇಗ ಹಿಡಿದರೆ ಒಂದು ಸಣ್ಣ ಮಾತ್ರೆಯಲ್ಲಿ ಗುಣವಾಗುತ್ತದೆ.

ಕೈ ಎತ್ತಿಸಿ ನೋಡಿ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಒಬ್ಬ ಹೆಂಗಸು ಎಂಟು ದಿನದ ಜ್ವರದಲ್ಲಿ ಬಂದಿದ್ದರು. ಹೊರಗೆ ಉದ್ದ ಸಾಲು. ಸೆರಗು ಸರಿಸಿ ಅಂತ ಹೇಳಲು ನನಗೂ ಸಮಯವಿರಲಿಲ್ಲ, ಅವರಿಗೂ ಸಂಕೋಚ. ನಾಲಿಗೆ ನೋಡಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಮಾತ್ರೆ ಬರೆದೆ. ಮೂರು ದಿನ ಬಿಟ್ಟು ಅವರನ್ನು ಉಸಿರು ಸಿಗದ ಸ್ಥಿತಿಯಲ್ಲಿ ಹೊತ್ತು ತಂದರು. ಬಟ್ಟೆ ಬದಲಿಸುವಾಗ ನರ್ಸ್ ಕೈ ಎತ್ತಿದರು. ಕಂಕುಳ ಮಡಿಕೆಯಲ್ಲಿ ಆ ಕಪ್ಪು ಹಕ್ಕಳೆ ಕೂತಿತ್ತು. ಅವರು ಬದುಕಿದರು, ಆದರೆ ಹದಿನೆಂಟು ದಿನ ಐಸಿಯುನಲ್ಲಿ ಮಲಗಿದ್ದರು. ಆ ತಪ್ಪು ನನ್ನದು. ಅಂದಿನಿಂದ ಜ್ವರ ಅಂತ ಬಂದ ಯಾರನ್ನೂ ಕೈ ಎತ್ತಿಸದೆ ಕಳಿಸಿಲ್ಲ.

ಹಕ್ಕಳೆ ಎಲ್ಲರಿಗೂ ಇರುವುದಿಲ್ಲ ಎಂಬುದೂ ಗೊತ್ತಿರಲಿ. ಸಿಗಲಿಲ್ಲ ಅಂದ ಮಾತ್ರಕ್ಕೆ ಸ್ಕ್ರಬ್ ಟೈಫಸ್ ಅಲ್ಲ ಅಂತ ಆಗುವುದಿಲ್ಲ. ಸಿಕ್ಕರೆ ಕೀಳಬೇಡಿ, ಸುಣ್ಣ ಗಿಣ್ಣ ಹಚ್ಚಬೇಡಿ.

ಪ್ರಶ್ನೆ (ಸದಸ್ಯರು, ತುಮಕೂರು):
ಹಾಗಾದರೆ ಅಜ್ಜಿ ಹೇಳಿದ ಪ್ಲೇಗಿನ ಮಾತು ಪೂರಾ ಸುಳ್ಳಾ ಮೇಡಂ? ನಮ್ಮ ಮನೆಯಲ್ಲೂ ಹಿರಿಯರು ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಥೆ ಹೇಳುತ್ತಿದ್ದರು.

ಡಾಕ್ಟರ್:
ಸುಳ್ಳಲ್ಲ. ಅದು ಕಥೆಯೂ ಅಲ್ಲ, ನಡೆದದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ಹರಡಬೇಕು ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಮೇಲೆ. ಎಷ್ಟೋ ಊರಲ್ಲಿ ಪ್ಲೇಗಿನಮ್ಮನ ಗುಡಿ ಇಂದಿಗೂ ಇದೆ. ಇಲಿಯ ಮೈಮೇಲಿನ ಚಿಗಟ ಕಚ್ಚಿ, ತೊಡೆಸಂದಿಯಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಎದ್ದು, ಜನ ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಅಜ್ಜಿ ತಮ್ಮ ಹಿರಿಯರಿಂದ ಕೇಳಿದ್ದನ್ನು ಹೇಳಿದ್ದಾರೆ.

ಆದರೆ ಪ್ಲೇಗಿನ ಗಡ್ಡೆ ಜ್ವರದ ಜೊತೆಗೇ, ಒಂದೆರಡು ದಿನದಲ್ಲೇ ಏಳುತ್ತದೆ. ನೋವು ಎಷ್ಟಿರುತ್ತದೆ ಅಂದರೆ ಕೈಯನ್ನು ಮೈಗೆ ತಾಗಿಸಲೂ ಆಗುವುದಿಲ್ಲ. ಭಾರತದಲ್ಲಿ 1994ರಲ್ಲಿ ಮಹಾರಾಷ್ಟ್ರದ ಬೀಡ್ ಮತ್ತು ಗುಜರಾತಿನ ಸೂರತ್, 2002ರಲ್ಲಿ ಹಿಮಾಚಲ, 2004ರಲ್ಲಿ ಉತ್ತರಾಖಂಡದಲ್ಲಿ ಕಾಣಿಸಿಕೊಂಡಿತ್ತು. ಇವತ್ತು ಚನ್ನಗಿರಿಯ ಒಂದು ಗಂಟಿಗೆ ಪ್ಲೇಗ್ ಅಂತ ಊಟ ಬಿಡುವ ಕಾರಣವಿಲ್ಲ.

ಪ್ರಶ್ನೆ (ಸದಸ್ಯೆ, ಹಾಸನ):
ಮೇಡಂ, ನನ್ನ ತಂಗಿ ಬಾಣಂತಿ. ಹೆರಿಗೆಯಾಗಿ ಐದನೇ ದಿನ. ಎರಡೂ ಕಂಕುಳಲ್ಲಿ ನಿಂಬೆಹಣ್ಣಿನ ಹಾಗೆ ಊದಿಕೊಂಡಿದೆ, ಕೈ ಇಳಿಬಿಡಲು ಆಗುತ್ತಿಲ್ಲ. ಮೈ ಬೆಚ್ಚಗಿದೆ, ಥರ್ಮಾಮೀಟರ್ 99.8 ತೋರಿಸಿತು. ಅತ್ತೆ ಎಣ್ಣೆ ಹಚ್ಚಿ ತಿಕ್ಕಿ ಕರಗಿಸಬೇಕು ಅಂತಾರೆ. ಮಗುವಿಗೆ ಹಾಲು ಕೊಡಬಾರದು ಅಂತ ಇನ್ನೊಬ್ಬರು.

ಡಾಕ್ಟರ್:
ದಯವಿಟ್ಟು ತಿಕ್ಕಬೇಡಿ, ಹಾಲೂ ನಿಲ್ಲಿಸಬೇಡಿ.

ಸ್ತನದ ಅಂಗಾಂಶ ಕೆಲವರಿಗೆ ಕಂಕುಳವರೆಗೂ ಚಾಚಿಕೊಂಡಿರುತ್ತದೆ. ಬೇರೆ ದಿನಗಳಲ್ಲಿ ಗೊತ್ತೇ ಆಗುವುದಿಲ್ಲ. ಹೆರಿಗೆಯಾಗಿ ಎರಡನೇ ದಿನದಿಂದ ಐದಾರನೇ ದಿನದೊಳಗೆ ಹಾಲು ಇಳಿಯುವಾಗ ಅದೂ ತುಂಬಿಕೊಂಡು ಊದುತ್ತದೆ. ಎರಡೂ ಕಡೆ ಒಟ್ಟಿಗೆ ಬಂದಿದೆ, ಹಾಲು ಇಳಿಯುವ ಹೊತ್ತಿಗೇ ಬಂದಿದೆ ಅಂದರೆ ಹೆಚ್ಚಾಗಿ ಇದೇ. ಅಲ್ಲಿಂದ ಹಾಲು ಹೊರಗೆ ಬರಲು ದಾರಿ ಇಲ್ಲದಿರುವುದರಿಂದ ಹಿಂಡಿದಷ್ಟೂ ನೋವು, ಊತ ಜಾಸ್ತಿ. ತಣ್ಣೀರಿನ ಬಟ್ಟೆ ಇಡಿ. ಮಗು ಕೇಳಿದಾಗೆಲ್ಲ ಹಾಲು ಕೊಡಲಿ. ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಒಂದೇ ಕಡೆ ಸ್ತನದ ಒಂದು ಭಾಗ ಕೆಂಪಗೆ, ಬಿಸಿಯಾಗಿ, ಗಟ್ಟಿಯಾಗಿ, ಜೊತೆಗೆ ಚಳಿ ಬಂದು ಜ್ವರ 101 ದಾಟಿದರೆ ಅದು ಸ್ತನದ ಬಾವು. ಆಗ ಅದೇ ಬದಿಯ ಕಂಕುಳಲ್ಲೂ ಗಂಟು ಬರುತ್ತದೆ. ಅದಕ್ಕೆ ಡಾಕ್ಟರ್ ನೋಡಿ ಔಷಧಿ ಕೊಡಬೇಕು. ಆಗಲೂ ಆ ಸ್ತನದಿಂದ ಹಾಲು ಕೊಡುವುದನ್ನು ಬಿಡಬಾರದು. ಮಗುವಿಗೆ ಏನೂ ಆಗುವುದಿಲ್ಲ, ಹಾಲು ಒಳಗೇ ನಿಂತರೆ ತಾಯಿಗೆ ಕೀವು ಕಟ್ಟುತ್ತದೆ.

ಹಾಗೇ ಒಂದು ಮಾತು. ಬಾಣಂತಿಗೆ ಜ್ವರ ಬಂದರೆ "ಹಾಲು ಜ್ವರ" ಅಂತ ಸುಮ್ನೆ ಕೂರಬೇಡಿ. ಗರ್ಭಕೋಶದ ಸೋಂಕು, ಹೊಲಿಗೆಯ ಸೋಂಕು, ಮೂತ್ರದ ಸೋಂಕು ಇಲ್ಲ ಅಂತ ಖಚಿತವಾಗಬೇಕು. 100.4 ದಾಟಿದರೆ, ಅಥವಾ ಕೆಟ್ಟ ವಾಸನೆಯ ಸ್ರಾವ, ಕೆಳಹೊಟ್ಟೆ ನೋವು ಇದ್ದರೆ, ಅವತ್ತೇ ಆಸ್ಪತ್ರೆಗೆ.

ಪ್ರಶ್ನೆ (ಸದಸ್ಯರು, ಮಂಡ್ಯ):
ನಮ್ಮ ಮಗುವಿಗೆ ಮೂರು ತಿಂಗಳು. ಎಡ ಕಂಕುಳಲ್ಲಿ ಕಡಲೆಕಾಯಿ ಬೀಜದಷ್ಟು ಗಂಟು. ಜ್ವರ ಇಲ್ಲ, ಚೆನ್ನಾಗಿ ಆಡುತ್ತಿದೆ.

ಡಾಕ್ಟರ್:
ಹುಟ್ಟಿದಾಗ ಎಡ ತೋಳಿಗೆ ಬಿಸಿಜಿ ಲಸಿಕೆ ಹಾಕಿರುತ್ತಾರೆ ಅಲ್ವಾ, ಹೆಚ್ಚಾಗಿ ಅದರ ಗಂಟು. ಮುಂದಿನ ಲಸಿಕೆಗೆ ಹೋದಾಗ ತೋರಿಸಿ. ಕೊಯ್ಯಿಸುವುದು, ಕಾಸಿ ಒತ್ತುವುದು ಏನೂ ಬೇಡ. ಮೆತ್ತಗಾಗಿ ಕೀವು ತುಂಬಿದಂತೆ ಕಂಡರೆ, ದೊಡ್ಡದಾಗುತ್ತಾ ಹೋದರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಬಿಸಿಜಿ ಗಂಟಿಗೆ ಸಾಮಾನ್ಯವಾಗಿ ಜ್ವರ ಬರುವುದಿಲ್ಲ. ಮೂರು ತಿಂಗಳ ಕೂಸಿಗೆ ಜ್ವರ ಬಂದರೆ ಗಂಟಿನ ಲೆಕ್ಕಕ್ಕೆ ಹಾಕದೆ ಬೇರೆ ಕಾರಣ ಹುಡುಕಬೇಕು, ಅದೂ ಅವತ್ತೇ.

ಪ್ರಶ್ನೆ (ವಿದ್ಯಾರ್ಥಿ, ಹುಬ್ಬಳ್ಳಿ):
ಡಾಕ್ಟ್ರೇ, ನನಗೆ ಕಂಕುಳಲ್ಲಿ ಆಗಾಗ ಕುರು ಏಳುತ್ತದೆ. ಒಡೆದು ಕೀವು ಬರುತ್ತದೆ, ವಾಸಿಯಾಗುತ್ತದೆ, ಮತ್ತೆ ಪಕ್ಕದಲ್ಲೇ ಇನ್ನೊಂದು. ಈ ಸಲ ದೊಡ್ಡದಾಗಿದೆ, ಜ್ವರವೂ ಇದೆ. ಹಾಸ್ಟೆಲ್‌ನಲ್ಲಿ ಸ್ವಚ್ಛ ಇಲ್ಲ ಅಂತ ಎಲ್ಲರೂ ಅಂತಾರೆ. ದಿನಾ ಎರಡು ಸಲ ಸ್ನಾನ ಮಾಡುತ್ತೇನೆ.

ಡಾಕ್ಟರ್:
ಸ್ವಚ್ಛತೆಯ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಪ್ಪ.

ಈಗಿನ ಕುರುವಿಗೆ ಜ್ವರ ಬಂದಿದೆ ಅಂದರೆ ಒಳಗೆ ಕೀವು ಜಾಸ್ತಿ ಇರಬಹುದು. ನಾಳೆಯೇ ಸರ್ಜನ್‌ಗೆ ತೋರಿಸು. ಕೀವು ತುಂಬಿದ ಮೇಲೆ ಬರೀ ಮಾತ್ರೆ ಸಾಕಾಗುವುದಿಲ್ಲ, ಸಣ್ಣದಾಗಿ ಕೊಯ್ದು ಹೊರಗೆ ಬಿಡಬೇಕು. ನೀನೇ ಹಿಂಡಬೇಡ, ರೂಮ್‌ಮೇಟ್ ಕೈಲಿ ಬ್ಲೇಡ್ ಹಾಕಿಸಬೇಡ. ಕಂಕುಳಲ್ಲಿ ದೊಡ್ಡ ರಕ್ತನಾಳ, ನರ ಎಲ್ಲ ಹತ್ತಿರದಲ್ಲೇ ಇವೆ. ಒಂದು ಸಲ ಸಕ್ಕರೆ ಪರೀಕ್ಷೆ ಮಾಡಿಸು. ಮತ್ತೆ ಮತ್ತೆ ಕುರು ಏಳುವವರಲ್ಲಿ ಗೊತ್ತಿಲ್ಲದ ಡಯಾಬಿಟಿಸ್ ಸಿಗುವುದುಂಟು.

ಅದೇ ಜಾಗದಲ್ಲಿ ಪದೇ ಪದೇ, ಎರಡೂ ಕಂಕುಳಲ್ಲಿ ಅಥವಾ ತೊಡೆಸಂದಿಯಲ್ಲಿ, ಗಾಯದ ಕಲೆ ಹಗ್ಗದ ಹಾಗೆ ಉಳಿಯುತ್ತಿದ್ದರೆ ಅದಕ್ಕೆ ಹೈಡ್ರಾಡಿನೈಟಿಸ್ ಸಪ್ಪುರಟೈವಾ ಅಂತ ಹೆಸರು. ಕೂದಲಿನ ಬುಡ ಮುಚ್ಚಿಕೊಂಡು ಒಳಗೊಳಗೇ ಉರಿಯುವ ಕಾಯಿಲೆ. ಕೊಳಕಿನಿಂದ ಬರುವುದಲ್ಲ, ಅಂಟುವುದೂ ಇಲ್ಲ. ಸಿಗರೇಟು ಸೇದಿದರೆ, ತೂಕ ಜಾಸ್ತಿ ಇದ್ದರೆ ಕೆರಳುತ್ತದೆ. ಈ ಸಲದ್ದು ವಾಸಿಯಾದ ಮೇಲೆ ಚರ್ಮದ ಡಾಕ್ಟರನ್ನು ಕಾಣು. ಹೆಸರು ಗೊತ್ತಾದರೆ ಸರಿಯಾದ ಚಿಕಿತ್ಸೆ ಸಿಗುತ್ತದೆ. ಬಹಳ ಜನ ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ನೋವು ತಿನ್ನುತ್ತಾರೆ.

ಪ್ರಶ್ನೆ (ಸದಸ್ಯರು, ತೀರ್ಥಹಳ್ಳಿ):
ನಮ್ಮ ಕಡೆ ಇಂಥ ಜ್ವರ ಅಂದರೆ ಮಂಗನ ಕಾಯಿಲೆ ಅಂತಲೇ ಭಯ. ಅದರಲ್ಲೂ ಗಂಟು ಬರುತ್ತದಾ?

ಡಾಕ್ಟರ್:
ಬರಬಹುದು, ಕುತ್ತಿಗೆ ಮತ್ತು ಕಂಕುಳಲ್ಲಿ. 1957ರಲ್ಲಿ ಇದು ಮೊದಲು ಗೊತ್ತಾದದ್ದೇ ನಿಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣ್ಣೆ ಕಚ್ಚಿ ಬರುತ್ತದೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಜ್ವರ ಇದ್ದಕ್ಕಿದ್ದಂತೆ ಏರುತ್ತದೆ, ಹಣೆ ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾಗದ ನೋವು. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಇದು ವೈರಸ್, ಇದಕ್ಕೆ ಡಾಕ್ಸಿಸೈಕ್ಲಿನ್ ಕೆಲಸ ಮಾಡುವುದಿಲ್ಲ. ಬೇಗ ದಾಖಲಾಗಿ ನೀರಿನಂಶ, ರಕ್ತದ ಪರಿಸ್ಥಿತಿ ನೋಡಿಕೊಳ್ಳುವುದೇ ಚಿಕಿತ್ಸೆ. ಆಸುಪಾಸು ಮಂಗ ಸತ್ತಿದ್ದರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗುವ ಮುಂಚೆ ಉಣ್ಣೆ ಹತ್ತಿರ ಬರದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ದರಗು ತರಲು ಹೋದವರು ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಲ್ಲಿ ನೆನೆಹಾಕಲಿ.

ಪ್ರಶ್ನೆ (ಸದಸ್ಯರು, ದುಬೈ):
ಮೇಡಂ, ನನಗೆ 31 ವರ್ಷ. ಊರು ರಾಯಚೂರು. ಬಲ ಕಂಕುಳಲ್ಲಿ ಎರಡು ತಿಂಗಳಿಂದ ಗಂಟು. ನೋವಿಲ್ಲ ಅಂತ ಸುಮ್ಮನಿದ್ದೆ. ಈಗ ಎರಡು ಮೂರು ಗಂಟು ಒಂದಕ್ಕೊಂದು ಅಂಟಿಕೊಂಡ ಹಾಗಿದೆ. ಸಂಜೆ ಹೊತ್ತು ಸಣ್ಣ ಜ್ವರ, ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರು. ಆರು ಕೆಜಿ ಇಳಿದಿದ್ದೇನೆ. ಸೂಜಿ ಹಾಕಿ ಪರೀಕ್ಷೆ ಮಾಡಬೇಕು ಅಂದರು. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅಂತ ಮನೆಯವರು ಬೇಡ ಅಂತಿದ್ದಾರೆ.

ಡಾಕ್ಟರ್:
ಈ ಗುಂಪಿನಲ್ಲಿ ಇವತ್ತು ಬಂದ ಪ್ರಶ್ನೆಗಳಲ್ಲಿ ನಿಮ್ಮದನ್ನು ಓದಿ ನನಗೆ ಹೆಚ್ಚು ಕಾಳಜಿಯಾಯಿತು. ನೋಯುವ ಗಂಟು ಜನರನ್ನು ಆಸ್ಪತ್ರೆಗೆ ತಾನೇ ಎಳೆದು ತರುತ್ತದೆ. ನೋಯದ ಗಂಟು ಮನೆಯಲ್ಲೇ ಕೂರಿಸುತ್ತದೆ.

ನೀವು ಹೇಳಿದ ಲಕ್ಷಣಗಳಿಗೆ ನಮ್ಮ ದೇಶದವರಲ್ಲಿ ಮೊದಲು ನೆನಪಾಗುವುದು ದುಗ್ಧಗ್ರಂಥಿಯ ಟಿಬಿ. ಟಿಬಿ ಅಂದರೆ ಕೆಮ್ಮು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕೆಮ್ಮೇ ಇಲ್ಲದೆ ಬರೀ ಗಂಟಾಗಿಯೂ ಬರುತ್ತದೆ. ಕುತ್ತಿಗೆಯಲ್ಲಿ ಜಾಸ್ತಿ, ಕಂಕುಳಲ್ಲೂ ಉಂಟು. ಇನ್ನೊಂದು ಸಾಧ್ಯತೆ ಲಿಂಫೋಮಾ, ಅಂದರೆ ಗ್ರಂಥಿಯ ಕ್ಯಾನ್ಸರ್. ಎರಡರಲ್ಲೂ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಒಂದೇ ಥರ. ಕೈಯಿಂದ ಮುಟ್ಟಿ ಯಾರೂ ಖಚಿತವಾಗಿ ಬೇರೆ ಮಾಡಿ ಹೇಳಲಾರರು. ಅದಕ್ಕೇ ಸೂಜಿ ಬೇಕು.

ಆ ಸೂಜಿ ರಕ್ತ ತೆಗೆಯುವ ಸೂಜಿಯಷ್ಟೇ ಇರುತ್ತದೆ. ಅದರಿಂದ ಕಾಯಿಲೆ ಮೈಯೆಲ್ಲ ಹರಡುತ್ತದೆ ಅನ್ನುವ ಭಯಕ್ಕೆ ಈ ಪರೀಕ್ಷೆಯನ್ನು ಬಿಡಬಾರದು. ಹೆಸರು ಗೊತ್ತಿಲ್ಲದೆ ಕಳೆಯುವ ತಿಂಗಳುಗಳಲ್ಲಿ ಕಾಯಿಲೆ ತಾನಾಗಿಯೇ ಹರಡುತ್ತದೆ. ತೆಗೆದ ಮಾದರಿಯಲ್ಲಿ ಟಿಬಿಗೆ ಸಿಬಿನ್ಯಾಟ್ ಪರೀಕ್ಷೆಯನ್ನೂ ಕೇಳಿ. ಲಿಂಫೋಮಾ ಅನುಮಾನ ಇದ್ದರೆ ಇಡೀ ಗ್ರಂಥಿಯನ್ನೇ ತೆಗೆದು ಪರೀಕ್ಷಿಸುತ್ತಾರೆ, ಅದಕ್ಕೂ ಒಪ್ಪಿ. ಎಚ್‌ಐವಿ ಪರೀಕ್ಷೆಯೂ ಈ ಪಟ್ಟಿಯಲ್ಲಿ ಇರುತ್ತದೆ. ಅದನ್ನು ಕೇಳಿದರು ಅಂತ ಬೇಸರ ಮಾಡಿಕೊಳ್ಳಬೇಡಿ.

ಟಿಬಿ ಅಂತಾದರೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಊರಿಗೆ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಚಿಕಿತ್ಸೆ ಮುಗಿಯುವವರೆಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು 500 ಇತ್ತು. ಮಾತ್ರೆ ಶುರುವಾದ ಮೇಲೂ ಗಂಟು ಸ್ವಲ್ಪ ದಿನ ದೊಡ್ಡದಾಗುವುದುಂಟು. ಔಷಧಿ ನಾಟಲಿಲ್ಲ ಅಂತ ಬಿಟ್ಟುಬಿಡಬೇಡಿ, ಡಾಕ್ಟರಿಗೆ ತೋರಿಸಿ. ಲಿಂಫೋಮಾ ಅಂತಾದರೂ ಇವತ್ತು ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಎಷ್ಟೋ ಜನ ಪೂರ್ತಿ ಗುಣವಾಗುತ್ತಾರೆ. ಈ ವಾರವೇ ಸೂಜಿ ಪರೀಕ್ಷೆ ಮಾಡಿಸಿ, ಮಾಡಿಸಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ. ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ (ಸದಸ್ಯೆ, ಮೈಸೂರು):
ಮಗಳು ಬೆಕ್ಕಿನ ಮರಿ ಸಾಕಿದ್ದಾಳೆ. ಮುಂಗೈ ಪರಚಿ ಎರಡು ವಾರ ಆಯ್ತು, ಈಗ ಅದೇ ಕೈ ಕಂಕುಳಲ್ಲಿ ಗಂಟು, ಸಣ್ಣ ಜ್ವರ.

ಡಾಕ್ಟರ್:
ಬೆಕ್ಕು ಪರಚಿದ ಜ್ವರ ಅಂತಲೇ ಒಂದಿದೆ, ಮರಿಗಳಿಂದ ಜಾಸ್ತಿ. ಪರಚಿದ ಒಂದರಿಂದ ಮೂರು ವಾರಕ್ಕೆ ಗಂಟು ಏಳುತ್ತದೆ, ಕರಗಲು ಒಂದೆರಡು ತಿಂಗಳು ಹಿಡಿಯಬಹುದು. ಡಾಕ್ಟರಿಗೆ ತೋರಿಸಿ, ಬೆಕ್ಕಿನ ವಿಷಯ ಹೇಳಿ. ಆದರೆ ನನ್ನ ಪ್ರಶ್ನೆ ಬೇರೆ. ಪರಚಿದ ದಿನ ರೇಬೀಸ್ ಇಂಜೆಕ್ಷನ್ ಹಾಕಿಸಿದ್ರಾ? ಇಲ್ಲವಾದರೆ ಇವತ್ತೇ ಹೋಗಿ. ಎರಡು ವಾರ ಆಯ್ತು, ಇನ್ನೇನು ಪ್ರಯೋಜನ ಅಂತ ಬಿಡಬೇಡಿ.

ಪ್ರಶ್ನೆ (ಮೊದಲ ಸದಸ್ಯೆ, ಹನ್ನೆರಡು ದಿನದ ನಂತರ):
ಮೇಡಂ, ಅಮ್ಮ ಆರಾಮಾಗಿದ್ದಾರೆ. ಸ್ಕ್ರಬ್ ಟೈಫಸ್ ಅಂತಲೇ ಬಂತು. ಪ್ಲೇಟ್‌ಲೆಟ್ 80 ಸಾವಿರಕ್ಕೆ ಇಳಿದಿತ್ತು, ಮೂರು ದಿನ ದಾಖಲು ಮಾಡಿಕೊಂಡರು. ಡಾಕ್ಸಿ ಶುರುವಾದ ಎರಡನೇ ದಿನವೇ ಜ್ವರ ಬಿಟ್ಟಿತು. ಏಳು ದಿನದ ಕೋರ್ಸ್ ಮುಗಿಯಿತು. ಮೊದಲೆರಡು ದಿನ ಮಾತ್ರೆ ನುಂಗಿದರೆ ಎದೆ ಉರಿ ಅಂತಿದ್ದರು. ಊಟ ಆದ ಮೇಲೆ ದೊಡ್ಡ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ ಅಂತ ನರ್ಸ್ ಹೇಳಿದ ಮೇಲೆ ಸರಿಯಾಯ್ತು. ಹಕ್ಕಳೆ ಉದುರಿದೆ. ಗಂಟು ಈಗ ಹುಣಸೆ ಬೀಜದಷ್ಟಿದೆ. ಹಸುಗಳಿಗೆ ಹುಲ್ಲಿಲ್ಲ ಅಂತ ಅಮ್ಮ ಕುಡುಗೋಲು ಹುಡುಕುತ್ತಿದ್ದಾರೆ. ಬಿಡಬಹುದಾ? ಮತ್ತೆ ಬರುತ್ತದಾ?

ಡಾಕ್ಟರ್:
ಓದಿ ತುಂಬಾ ಸಂತೋಷವಾಯಿತು.

ಮತ್ತೆ ಬರಬಹುದು. ಈ ರೋಗಾಣುವಿನಲ್ಲಿ ಬೇರೆ ಬೇರೆ ತಳಿಗಳಿವೆ, ಒಂದು ಸಲ ಬಂದರೆ ಮತ್ತೆ ಬರುವುದಿಲ್ಲ ಅಂತೇನಿಲ್ಲ. ಲಸಿಕೆ ಇಲ್ಲ. ಆದ್ದರಿಂದ ಇನ್ನೊಂದು ವಾರ ಅಪ್ಪನೋ ಆಳೋ ಹುಲ್ಲು ತರಲಿ, ಅಮ್ಮನಿಗೆ ಇನ್ನೂ ನಿಶ್ಶಕ್ತಿ ಇರುತ್ತದೆ. ಆಮೇಲೆ ಹೋಗುವಾಗ ಅಪ್ಪನ ಹಳೆಯ ತುಂಬುತೋಳಿನ ಅಂಗಿಯನ್ನು ರವಿಕೆಯ ಮೇಲೆ ಹಾಕಿಕೊಳ್ಳಲಿ. ಹುಲ್ಲಿನ ಹೊರೆಯನ್ನು ಎದೆಗೆ ಒತ್ತಿಕೊಳ್ಳದೆ ಗೋಣಿತಾಟಿನಲ್ಲಿ ಕಟ್ಟಿ ತರಲಿ. ಕೂತು ಸುಧಾರಿಸಿಕೊಳ್ಳುವಾಗ ಬದುವಿನ ಮೇಲೆ ನೇರವಾಗಿ ಕೂರಬೇಡ ಅನ್ನಿ, ಒಗೆದ ಬಟ್ಟೆಯನ್ನು ಹುಲ್ಲಿನ ಮೇಲೆ ಹರವಬೇಡ ಅನ್ನಿ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಮೈ ಉಜ್ಜಿ ಸ್ನಾನ, ಉಟ್ಟ ಬಟ್ಟೆ ಬಿಸಿನೀರಿಗೆ. ಮನೆ ಹಿಂದಿನ ಪೊದೆ ಸವರಿ, ಇಲಿಗಳಿಗೆ ಜಾಗ ಆಗದಂತೆ ನೋಡಿಕೊಳ್ಳಿ.

ಗಂಟು ಪೂರ್ತಿ ಹೋಗಲು ಇನ್ನೂ ಎರಡು ಮೂರು ವಾರ ಬೇಕಾಗಬಹುದು. ದಿನಾ ಮುಟ್ಟಿ ಮುಟ್ಟಿ ನೋಡುವುದು ಬೇಡ, ಭಾನುವಾರಕ್ಕೊಮ್ಮೆ ಸಾಕು. ನಾಲ್ಕು ವಾರ ಕಳೆದರೂ ಹಾಗೇ ಇದ್ದರೆ, ಅಥವಾ ಗಟ್ಟಿಯಾಗಿ ದೊಡ್ಡದಾದರೆ, ಮತ್ತೆ ಅದೇ ಆಸ್ಪತ್ರೆಗೆ ತೋರಿಸಿ. ಹೇಗೂ ಹೋದಾಗ ಸ್ತನದ ಪರೀಕ್ಷೆಯನ್ನೂ ಮಾಡಿಸಿಬಿಡಿ, 54 ವರ್ಷ ಅಂದಿರಿ ಅಲ್ವಾ.